ನಾಯಕನನ್ನು ಬೆಂಚಿಗೆ ಕೂರಿಸುವ ಅಧಿಕಾರ

ಬೆಂಗಳೂರು ಎಫ್‌ಸಿ ಬಗ್ಗೆ ಬರೆಯುವವರು ಚರ್ಚೆಗೇ ತಾರದೆ ಒಪ್ಪಿಕೊಂಡುಬಿಟ್ಟ ಒಂದು ಮಾತಿದೆ: ಭಾರತದಲ್ಲಿ ಅಚ್ಚುಕಟ್ಟಾಗಿ, ಮುಂದಾಲೋಚನೆಯಿಂದ ನಡೆಯುವ ಫುಟ್‌ಬಾಲ್ ಕ್ಲಬ್ ಯಾವುದಾದರೂ ಇದ್ದರೆ ಅದು ಇದೇ. ಈ ಹೆಸರು ಸುಮ್ಮನೆ ಬಂದದ್ದಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ಮೊದಲ ಐದು ವರ್ಷಗಳಲ್ಲಿ ಕ್ಲಬ್ ಕಂಡದ್ದು ಇಬ್ಬರೇ ಕೋಚ್‌ಗಳನ್ನು, ಆ್ಯಶ್ಲಿ ವೆಸ್ಟ್‌ವುಡ್ ಮತ್ತು ಆಲ್ಬರ್ಟ್ ರೋಕಾ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗನ್ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯ ಬೆಲ್ಲೊ ರಝಾಕ್ ಅವರ 87ನೇ ನಿಮಿಷದ ಹೆಡರ್‌ನಿಂದ 1–1 ಡ್ರಾ ಆಗಿ, ಪ್ರಶಸ್ತಿ ಕಣ್ಣೆದುರೇ ಕೈತಪ್ಪಿತು. ಆಗಲೂ ವೆಸ್ಟ್‌ವುಡ್ ಉಳಿದರು, ಮರುವರ್ಷ ಲೀಗ್ ಗೆದ್ದುಕೊಟ್ಟರು. ಆದರೆ 2018ರ ಮಧ್ಯದಿಂದ 2023ರ ಡಿಸೆಂಬರ್‌ವರೆಗಿನ ಐದೂವರೆ ವರ್ಷಗಳ ಪಟ್ಟಿ ನೋಡಿ: ಕಾರ್ಲೆಸ್ ಕ್ವಾದ್ರಾತ್, ಹಂಗಾಮಿಯಾಗಿ ನೌಷಾದ್ ಮೂಸಾ, ಮಾರ್ಕೊ ಪೆಟ್ಸಾಯುವೊಲಿ, ಸೈಮನ್ ಗ್ರೇಸನ್, ಜೆರಾರ್ಡ್ ಸರಗೋಸಾ. ಐದು ಹೆಸರು. ಇವರಲ್ಲಿ ಇಬ್ಬರ ತಲೆದಂಡವಾದದ್ದು ಲೀಗ್ ಅರ್ಧಕ್ಕೂ ಬಾರದಿದ್ದಾಗ. ಕ್ಲಬ್‌ನ ಒಳ್ಳೆಯ ಹೆಸರು ಮೊದಲ ಐದು ವರ್ಷಗಳ ಸಂಪಾದನೆ. ಆಮೇಲಿನ ವರ್ಷಗಳನ್ನೂ ಅದೇ ಹೆಸರಿನ ಮರೆಯಲ್ಲಿಟ್ಟು ನೋಡುತ್ತಾ ಬಂದಿದ್ದೇವೆ.

ಸೋಲುತ್ತಿರುವ ಕೋಚ್‌ನನ್ನು ಕ್ಲಬ್ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ತಾಳ್ಮೆಯ ಪ್ರಶ್ನೆಯಾಗಿ ಕೇಳಲಾಗುತ್ತದೆ. ತಾಳ್ಮೆ ಒಳ್ಳೆಯ ಗುಣ, ಆದರೆ ಎಷ್ಟು ದಿನ ಅಂತ ತಾಳುವುದು, ಎಂದು ಮಾತು ಮುಗಿಯುತ್ತದೆ. ನನ್ನ ವಾದ ಬೇರೆ. ಕೋಚ್ ಮೇಲೆ ಕ್ಲಬ್ ಇಡುವ ನಂಬಿಕೆ ಅವನಿಗೆ ಮಾಡುವ ಉಪಕಾರವಲ್ಲ. ಅದು ಅವನ ಕೈಗೆ ಕೊಡುವ ಅಧಿಕಾರ. ಯಾರಿಗೂ ಇಷ್ಟವಾಗದ ನಿರ್ಧಾರವನ್ನು, ಅದರಲ್ಲೂ ತಂಡದ ಅತಿ ದೊಡ್ಡ ಹೆಸರಿನ ಆಟಗಾರನಿಗೆ ಸಂಬಂಧಿಸಿದ ನಿರ್ಧಾರವನ್ನು ತೆಗೆದುಕೊಳ್ಳುವ ಅಧಿಕಾರ ಅದು. ಮುಂದಿನ ಶನಿವಾರ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವ ಕೋಚ್ ಹೆಸರು ನೋಡಿ ಹನ್ನೊಂದು ಜನರನ್ನು ಆರಿಸುತ್ತಾನೆ, ಆಟ ನೋಡಿ ಆರಿಸುವುದಿಲ್ಲ. ಸೋತರೆ 'ದೊಡ್ಡವರೆಲ್ಲ ಆಡಿದ್ದರಲ್ಲ' ಎಂದು ಹೇಳಿಕೊಳ್ಳಲು ಅವನಿಗೊಂದು ಆಸರೆ ಬೇಕು. ಬೆಂಗಳೂರು ಎಫ್‌ಸಿಯ ಕಳೆದ ಕೆಲವು ಋತುಗಳು ಇದಕ್ಕೆ ಎರಡೂ ಕಡೆಯ ಸಾಕ್ಷ್ಯ ಒದಗಿಸುತ್ತವೆ. ಈ ಕ್ಲಬ್ ಎರಡು ಸಲ ನಂಬಿ ನೋಡಿದೆ, ಎರಡು ಸಲ ನಂಬದೆ ನೋಡಿದೆ.

ನಂಬದೆ ಹೋದ ಮೊದಲ ಸಲ 2021ರ ಜನವರಿ 6. ಕ್ವಾದ್ರಾತ್ 2016ರಿಂದ ರೋಕಾ ಅವರ ಸಹಾಯಕರಾಗಿ ಕ್ಲಬ್‌ನಲ್ಲಿದ್ದವರು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ರಾಹುಲ್ ಭೆಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಹೆಡರ್‌ನಿಂದ ಎಫ್‌ಸಿ ಗೋವಾವನ್ನು ಮಣಿಸಿ, ಕ್ಲಬ್‌ಗೆ ಅದರ ಏಕೈಕ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ತಂದವರೂ ಅವರೇ. ಕೋವಿಡ್ ಕಾಲದ ಆ ಋತುವಿನಲ್ಲಿ ಎಲ್ಲ ಪಂದ್ಯಗಳೂ ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದವು. ಮೊದಲ ಒಂಬತ್ತು ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಡ್ರಾ, ಮೂರು ಸೋಲು, 12 ಅಂಕ. ಮೂರು ಸೋಲುಗಳೂ ಒಂದರ ಹಿಂದೊಂದು ಬಂದವು, ಎಟಿಕೆ ಮೋಹನ್ ಬಾಗನ್, ಜಮ್‌ಶೆಡ್‌ಪುರ, ಮುಂಬೈ ಸಿಟಿ ವಿರುದ್ಧ. ಮೂರನೆಯದು ಮುಗಿದ ಬೆನ್ನಿಗೇ ಕೋಚ್ ಹೊರನಡೆದರು. ಉಳಿದ ಹನ್ನೊಂದು ಪಂದ್ಯಗಳಲ್ಲಿ ತಂಡ ಗಳಿಸಿದ್ದು 10 ಅಂಕ, ಮುಗಿಸಿದ್ದು 22 ಅಂಕಗಳೊಂದಿಗೆ ಏಳನೇ ಸ್ಥಾನದಲ್ಲಿ. ಪಂದ್ಯಕ್ಕೆ 1.33 ಅಂಕ ಇದ್ದದ್ದು 0.91ಕ್ಕೆ ಇಳಿಯಿತು. ಹಂಗಾಮಿ ಹೊಣೆ ಹೊತ್ತ ಮೂಸಾ ಅವರನ್ನು ಇದಕ್ಕೆ ದೂರುವುದು ಅನ್ಯಾಯ. ಅವರ ನಿಜವಾದ ಕೆಲಸ ರಿಸರ್ವ್ ತಂಡದಲ್ಲಿತ್ತು, ಆ ಕೆಲಸದ ಫಲ ಮುಂದೆ ಬರುತ್ತದೆ.

ಇಲ್ಲಿ ಒಂದು ಸರಳ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಜನವರಿಯಲ್ಲಿ ಕ್ಲಬ್ ಯಾವ ಅಪಾಯದಿಂದ ಪಾರಾಗಲು ಹೊರಟಿತ್ತು? ಇಂಗ್ಲೆಂಡಿನಲ್ಲಿ ಫೆಬ್ರುವರಿಯಲ್ಲಿ ಕೋಚ್ ತಲೆ ಉರುಳಿದರೆ ಅದಕ್ಕೊಂದು ಕಾರಣವಿರುತ್ತದೆ: ಕೊನೆಯ ಮೂರು ಸ್ಥಾನಕ್ಕೆ ಬಿದ್ದರೆ ಕೆಳಗಿನ ಲೀಗಿಗೆ ಇಳಿಯಬೇಕು, ಆದಾಯ ಕುಸಿಯುತ್ತದೆ, ಆಟಗಾರರು ಚದುರುತ್ತಾರೆ. 2017ರಲ್ಲಿ ಲೆಸ್ಟರ್ ಸಿಟಿ, ಹಿಂದಿನ ವರ್ಷವಷ್ಟೇ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟ ಕ್ಲಾಡಿಯೊ ರನಿಯೇರಿಯನ್ನು ಕಳಿಸಿದ್ದು ಈ ಭಯಕ್ಕೇ. ಆ ತಂಡ ಕೊನೆಗೆ ಹನ್ನೆರಡನೇ ಸ್ಥಾನದಲ್ಲಿ ಉಳಿದುಕೊಂಡಿತು. ಅದನ್ನು ಕೃತಘ್ನತೆ ಎನ್ನಬಹುದು, ಅವಿವೇಕ ಎನ್ನಲಾಗದು. ಬೆಂಗಳೂರಿಗೂ ಈ ಭಯ ಗೊತ್ತಿಲ್ಲವೆಂದಲ್ಲ. ಪೂರ್ತಿ ಭಾರತೀಯ ಆಟಗಾರರನ್ನೇ ಕಟ್ಟಿಕೊಂಡು ಐ-ಲೀಗ್ ಆಡಿದ ನಮ್ಮ ಎಚ್‌ಎಎಲ್ ತಂಡ 2012ರಲ್ಲಿ ಕೆಳಗಿಳಿಯಿತು. ಆದರೆ ಐಎಸ್‌ಎಲ್‌ನಲ್ಲಿ ಆ ವರ್ಷಗಳಲ್ಲಿ ಕೆಳಗಿಳಿಯುವ ಪದ್ಧತಿಯೇ ಜಾರಿಯಲ್ಲಿರಲಿಲ್ಲ. 2023–24ರಲ್ಲಿ ಹೈದರಾಬಾದ್ ಎಫ್‌ಸಿ ಬರೀ 8 ಅಂಕಗಳಿಂದ ಕೊನೆಯಲ್ಲಿ ನಿಂತರೂ ಮರುವರ್ಷ ಅದೇ ಲೀಗ್ ಆಡಿತು. ಅಂದರೆ ಆಗ ಇಲ್ಲಿ ನಡುಋತುವಿನ ವಜಾ ಯಾವ ಅನಾಹುತವನ್ನೂ ತಪ್ಪಿಸುತ್ತಿರಲಿಲ್ಲ. ಹೊಸಬರಿಗೆ ಸಿಗುವುದು ಇನ್ನೊಬ್ಬರು ಆರಿಸಿದ ವಿದೇಶಿಯರು, ಇನ್ನೊಬ್ಬರು ಮಾಡಿಸಿದ ಪೂರ್ವಸಿದ್ಧತೆ, ಜನವರಿಯ ಚಿಕ್ಕದೊಂದು ವರ್ಗಾವಣೆ ಅವಧಿ, ಉಳಿದ ಹತ್ತು–ಹದಿಮೂರು ಪಂದ್ಯ. ಜಿಗಣಿ ಕೈಗಾರಿಕಾ ಪ್ರದೇಶದ ಯಾವುದೇ ಮಷಿನ್ ಶಾಪ್‌ನಲ್ಲಿ ರಿಜೆಕ್ಷನ್ ಹೆಚ್ಚಾದರೆ ಮೊದಲು ಟೂಲ್ ಸವೆದಿದೆಯೇ, ಫಿಕ್ಸ್ಚರ್ ಅಲುಗಿದೆಯೇ, ಬಂದ ಕಚ್ಚಾಮಾಲು ಸರಿಯಿದೆಯೇ ಎಂದು ನೋಡುತ್ತಾರೆ. ಅದೆಲ್ಲ ಬಿಟ್ಟು ಆಪರೇಟರ್‌ನನ್ನು ಬದಲಿಸಿದರೆ ಮುಂದಿನ ಶಿಫ್ಟ್‌ನಲ್ಲೂ ಅಷ್ಟೇ ಪೀಸು ಹಾಳಾಗುತ್ತವೆ ಎಂದು ಅಲ್ಲಿನ ಸೂಪರ್‌ವೈಸರ್‌ಗೆ ಗೊತ್ತು. 'ಕಂಪನಿಗಳಲ್ಲಿ ಹೀಗೇ ಮಾಡುವುದು, ಫಲಿತಾಂಶ ಕೊಡದವನು ಹೋಗಬೇಕು' ಎಂದು ಫುಟ್‌ಬಾಲ್ ಚರ್ಚೆಯಲ್ಲಿ ಕಾರ್ಪೊರೇಟ್ ಪಾಠ ಹೇಳುವವರು ಒಮ್ಮೆ ಈ ಶೆಡ್ಡುಗಳ ಕಡೆ ಬಂದು ನೋಡಬೇಕು.

ಈಗ ನಂಬಿದ ಸಲಕ್ಕೆ ಬರೋಣ. ಈ ಲೇಖನದ ಹೃದಯ 2022ರ ಡಿಸೆಂಬರ್ 30 ಮತ್ತು 2023ರ ಜನವರಿ 6ರ ನಡುವಿನ ಒಂದು ವಾರದಲ್ಲಿದೆ. ಗ್ರೇಸನ್ 2022ರ ಜೂನ್‌ನಲ್ಲಿ ಬಂದಿದ್ದರು. ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿದ್ದರು. ಆಮೇಲೆ ಲೀಗ್ ಶುರುವಾಯಿತು, ಎಲ್ಲ ಕಳಚಿತು. ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್ ಎದುರು ಒಂದೊಂದು ಗೋಲಿನ ಸೋಲು, ಮುಂಬೈ ಸಿಟಿ ಎದುರು 0–4, ಕೇರಳ ಬ್ಲಾಸ್ಟರ್ಸ್ ಎದುರು 2–3, ಹೈದರಾಬಾದ್ ಎದುರು ಮತ್ತೆ 0–3. ಡಿಸೆಂಬರ್ 30ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಪರ ಎರಡು ಗೋಲು ಹೊಡೆದು 1–2ರಲ್ಲಿ ಸೋಲಿಸಿದವರು ಕ್ಲೇಟನ್ ಸಿಲ್ವಾ, ಕೆಲವೇ ತಿಂಗಳ ಹಿಂದೆ ಬೆಂಗಳೂರು ಬಿಟ್ಟುಕೊಟ್ಟ ಸ್ಟ್ರೈಕರ್. ಗೆಲುವಿನ ಗೋಲು ಪಂದ್ಯ ಮುಗಿಯುವ ಹೊತ್ತಿಗೆ ಬಂದ ಫ್ರೀಕಿಕ್. ಹನ್ನೆರಡು ಪಂದ್ಯ, ಮೂರು ಗೆಲುವು, ಒಂದು ಡ್ರಾ, ಎಂಟು ಸೋಲು, 10 ಅಂಕ. ಕ್ವಾದ್ರಾತ್ ಮನೆಗೆ ಹೋದಾಗಿನ ಲೆಕ್ಕಕ್ಕಿಂತ ಇದು ಎಷ್ಟೋ ಕೆಟ್ಟದ್ದು. ಕ್ಲಬ್ ಏನೂ ಮಾಡಲಿಲ್ಲ. ಒಂದು ವಾರದ ನಂತರ ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 2–1ರ ಗೆಲುವು ಬಂತು. ಅದರ ಹಿಂದೆಯೇ ಒಡಿಶಾ 3–1, ಜಮ್‌ಶೆಡ್‌ಪುರ 3–0, ಚೆನ್ನೈಯಿನ್ 3–1, ಎಟಿಕೆ ಮೋಹನ್ ಬಾಗನ್ 2–1, ಬ್ಲಾಸ್ಟರ್ಸ್ 1–0, ಮುಂಬೈ ಸಿಟಿ 2–1, ಗೋವಾ 3–1. ಸಾಲಾಗಿ ಎಂಟು ಗೆಲುವು, ಎಂಟು ಪಂದ್ಯಕ್ಕೆ 24 ಅಂಕ. 34 ಅಂಕಗಳಿಂದ ನಾಲ್ಕನೇ ಸ್ಥಾನ, ಅಲ್ಲಿಂದ ಫೈನಲ್.

ಆ ವಾರದಲ್ಲಿ ಬದಲಾದದ್ದೇನು ಎಂಬುದನ್ನು ಬಿಡಿಸಿ ನೋಡಬೇಕು. ಎಂಟು ಗೆಲುವುಗಳನ್ನು ಹೊಗಳುವ ಬರಹಗಳೆಲ್ಲ 'ತಂಡ ಲಯ ಕಂಡುಕೊಂಡಿತು' ಎಂದು ಮುಗಿಸಿಬಿಡುತ್ತವೆ. ಲಯ ತಾನಾಗಿ ಬರುವುದಿಲ್ಲ. ತಂಡ ಮೂವರು ಡಿಫೆಂಡರ್‌ಗಳ ವ್ಯವಸ್ಥೆಯಲ್ಲಿ ಆಡುತ್ತಿತ್ತು, ಒಂದು ಬದಿಗೆ ಪ್ರಬೀರ್ ದಾಸ್, ಇನ್ನೊಂದು ಬದಿಗೆ ರೋಷನ್ ಸಿಂಗ್, ನಡುವೆ ಸುರೇಶ್ ಸಿಂಗ್, ರೋಹಿತ್ ಕುಮಾರ್, ಹಾವಿ ಹೆರ್ನಾಂಡೆಸ್. ಮುಂದೆ ರಾಯ್ ಕೃಷ್ಣ ಜೊತೆಗೆ ಇನ್ನೊಬ್ಬ ಸ್ಟ್ರೈಕರ್‌ಗೆ ಮಾತ್ರ ಜಾಗ. ಆ ಜಾಗ ಹುಟ್ಟಿನಿಂದಲೇ ಸುನಿಲ್ ಛೆಟ್ರಿಯದು ಎಂಬಂತೆ ಇತ್ತು: ಕ್ಲಬ್‌ನ ಮೊದಲ ದಿನದಿಂದ ನಾಯಕ, ದೇಶದ ಅತಿ ಹೆಚ್ಚು ಗೋಲುಗಳ ಒಡೆಯ, ಕಂಠೀರವಕ್ಕೆ ಬರುವ ಅರ್ಧ ಜನರಿಗೆ ಬರುವ ಕಾರಣವೇ ಅವರು. ಗ್ರೇಸನ್ ಛೆಟ್ರಿಯನ್ನು ಬೆಂಚಿಗೆ ಕಳಿಸಿದರು. ಆ ಜಾಗಕ್ಕೆ ಶಿವಶಕ್ತಿ ನಾರಾಯಣನ್ ಎಂಬ, ಮೂಸಾ ಅವರ ರಿಸರ್ವ್ ತಂಡದಲ್ಲಿ ಬೆಳೆದ ಯುವಕನನ್ನು ತಂದರು. ರೋಷನ್ ಕೂಡ ಅದೇ ಗರಡಿಯ ಹುಡುಗ, ಹಿಂದಿನ ಋತುವಿನಲ್ಲಿ ಪೆಟ್ಸಾಯುವೊಲಿ ಕೈಯಲ್ಲಿ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದಿದ್ದ. ಈ ಸಲ ಅದೇ ಪ್ರಶಸ್ತಿ ಶಿವಶಕ್ತಿಗೆ ಬಂತು. ಎದುರಾಳಿ ಡಿಫೆನ್ಸ್‌ನ ಬೆನ್ನಹಿಂದೆ ಓಡುವ ಶಿವಶಕ್ತಿ, ಚೆಂಡು ಹಿಡಿದು ನಿಲ್ಲುವ ಕೃಷ್ಣ, ಎಪ್ಪತ್ತು ನಿಮಿಷದ ನಂತರ ದಣಿದ ಕಾಲುಗಳ ನಡುವೆ ಬಿಡುವ ಛೆಟ್ರಿ. ಬೆಂಚಿನಿಂದ ಬಂದ ಛೆಟ್ರಿಯೇ ಪ್ಲೇಆಫ್‌ನಲ್ಲಿ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್ ಗೋಲು ಹೊಡೆದದ್ದು, ಸೆಮಿಫೈನಲ್‌ನ ಮೊದಲ ಚರಣದಲ್ಲಿ ಮುಂಬೈಯಲ್ಲಿ ಏಕೈಕ ಗೋಲು ಹೊಡೆದದ್ದು. ನಾಯಕನ ಆಟಕ್ಕೂ ಇದರಿಂದ ಆಯುಸ್ಸು ಬಂತು.

ಈ ನಿರ್ಧಾರದ ತೂಕ ಅಳೆಯಬೇಕಾದರೆ ಇದನ್ನು ಮಾಡಿದವನ ಸ್ಥಿತಿಯನ್ನೂ ನೋಡಬೇಕು. ಎಂಟು ಪಂದ್ಯ ಸೋತಿರುವ, ಊರಿಗೆ ಹೊಸಬನಾದ ಒಬ್ಬ ಇಂಗ್ಲಿಷ್ ಕೋಚ್, ಈ ನಗರದ ಫುಟ್‌ಬಾಲ್‌ನ ಅತ್ಯಂತ ಪ್ರೀತಿಯ ಮುಖವನ್ನು ಬದಿಗೆ ಕೂರಿಸುತ್ತಾನೆ. ಅದಾದ ಮೇಲೂ ಸೋತಿದ್ದರೆ ಆತನಿಗೆ ನಿಲ್ಲಲು ನೆಲವಿರುತ್ತಿರಲಿಲ್ಲ. ಕ್ಲಬ್‌ನ ಮೇಲ್ಮಟ್ಟದಲ್ಲಿ ಅಲುಗಾಟ ಶುರುವಾಗಿದೆ ಎಂಬ ಗಾಳಿ ಡ್ರೆಸಿಂಗ್ ರೂಮಿನಲ್ಲಿ ಬೀಸಿದ್ದರೂ ಆ ಧೈರ್ಯ ಬರುತ್ತಿರಲಿಲ್ಲ. ಆಟಗಾರರೂ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ, ಏಕೆಂದರೆ ನಾಳೆ ಹೋಗುವವನ ಮಾತಿಗೆ ಇಂದು ಯಾರು ಬೆಲೆ ಕೊಡುತ್ತಾರೆ? ಛೆಟ್ರಿ ಅದನ್ನು ಗೌರವದಿಂದ ಒಪ್ಪಿಕೊಂಡದ್ದು ಅವರ ದೊಡ್ಡತನ. ಆದರೆ ಹಾಗೆ ಒಪ್ಪಿಕೊಳ್ಳಲು ಬೇಕಾದ ಸ್ಥಿರತೆಯನ್ನು ಒದಗಿಸಿದ್ದು ಕ್ಲಬ್. ಬೆಂಗಳೂರು ಎಫ್‌ಸಿ ಆಡಳಿತ ಕಳೆದ ಹಲವು ವರ್ಷಗಳಲ್ಲಿ ಮಾಡಿದ ಅತ್ಯುತ್ತಮ ಕೆಲಸ ಆ ಡಿಸೆಂಬರ್‌ನಲ್ಲಿ ಸುಮ್ಮನೆ ಕೂತದ್ದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಫೈನಲ್‌ನಲ್ಲಿ ಶಿವಶಕ್ತಿ ಆರಂಭದ ನಿಮಿಷಗಳಲ್ಲೇ ಗಾಯಗೊಂಡು ಹೊರಹೋದದ್ದು, 2–2ರ ನಂತರ ಪೆನಾಲ್ಟಿಗಳಲ್ಲಿ 3–4ರಿಂದ ಸೋತದ್ದು ಈ ತೀರ್ಮಾನವನ್ನು ಬದಲಿಸುವುದಿಲ್ಲ.

ಇದಕ್ಕೆ ಅಂಕಿಅಂಶ ಬಲ್ಲವರು ಎತ್ತುವ ಆಕ್ಷೇಪ ಗಂಭೀರವಾದದ್ದು. ಸಾಲಾಗಿ ಸೋಲುವ ತಂಡ ಹೇಗೂ ತನ್ನ ಸಹಜ ಮಟ್ಟಕ್ಕೆ ಮರಳುತ್ತದೆ, ಕೋಚ್ ಇದ್ದರೂ ಹೋದರೂ, ಆದ್ದರಿಂದ ಎಂಟು ಗೆಲುವನ್ನು ನಂಬಿಕೆಯ ಖಾತೆಗೆ ಬರೆಯುವಂತಿಲ್ಲ ಎನ್ನುತ್ತಾರೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ನೆದರ್ಲೆಂಡ್ಸ್‌ನ ಮೊದಲ ದರ್ಜೆ ಲೀಗಿನ 1986ರಿಂದ 2004ರವರೆಗಿನ ಋತುಗಳನ್ನು ಪರಿಶೀಲಿಸಿ ಇದನ್ನೇ ತೋರಿಸಿದರು: ಕೋಚ್‌ನನ್ನು ತೆಗೆದ ತಂಡಗಳು ಚೇತರಿಸಿಕೊಂಡವು, ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಸರಿಸುಮಾರು ಅಷ್ಟೇ ಚೇತರಿಸಿಕೊಂಡವು. ಈ ಅಧ್ಯಯನವನ್ನು ನನ್ನ ವಿರುದ್ಧ ಎತ್ತುವವರು ಅದರ ಅರ್ಧವನ್ನೇ ಓದಿದ್ದಾರೆ. ಉಳಿಸಿಕೊಂಡರೂ ತೆಗೆದರೂ ಫಲ ಒಂದೇ ಎಂದಾದರೆ ತೆಗೆಯುವುದಕ್ಕೆ ಆಧಾರವೇ ಇಲ್ಲ. ತೆಗೆಯುವುದಕ್ಕೆ ಪರಿಹಾರದ ಹಣ ಬೇಕು, ಹೊಸಬರಿಗೆ ಕಲಿಯಲು ಕಾಲ ಬೇಕು, ಹೊಸ ಪದ್ಧತಿಗೆ ಹೊಂದದ ಆಟಗಾರರನ್ನು ಮತ್ತೆ ಮಾರಿ ಮತ್ತೆ ಕೊಳ್ಳಬೇಕು. ಇನ್ನು ಶಿವಶಕ್ತಿಯಂಥ ಆಟಗಾರ ಸರಾಸರಿಯ ನಿಯಮದಿಂದ ಹನ್ನೊಂದರ ತಂಡಕ್ಕೆ ಬರುವುದಿಲ್ಲ. ಯಾರೋ ಒಬ್ಬರು ಅವನ ಹೆಸರನ್ನು ಬರೆಯಬೇಕು, ಬರೆಯಲು ಯಾರದೋ ಹೆಸರನ್ನು ಹೊಡೆದುಹಾಕಬೇಕು.

ನನ್ನ ಪಕ್ಷದವರೇ ಎಂದುಕೊಂಡಿರುವವರೊಂದಿಗೂ ನನಗೆ ಜಗಳವಿದೆ, ಅದು ಹೆಚ್ಚು ಬೇಸರದ ಜಗಳ. ಕೋಚ್‌ಗೆ ಸಮಯ ಕೊಡಿ ಎಂದು ಯಾರು ಬರೆದರೂ ಮೂರನೇ ವಾಕ್ಯದಲ್ಲಿ ಅಲೆಕ್ಸ್ ಫರ್ಗ್ಯುಸನ್ ಬಂದೇ ಬರುತ್ತಾರೆ. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು, ಮೂರೂವರೆ ವರ್ಷ ಏನೂ ಗೆಲ್ಲಲಿಲ್ಲ, 1990ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಮಾರ್ಕ್ ರಾಬಿನ್ಸ್ ಹೊಡೆದ ಗೋಲು ಅವರನ್ನು ಉಳಿಸಿತು, ಆಮೇಲಿನದ್ದು ಇತಿಹಾಸ. ಈ ಕಥೆ ಏನನ್ನೂ ಸಾಧಿಸುವುದಿಲ್ಲ. ಸಮಯ ಕೊಟ್ಟೂ ಸೋತೇ ಹೋದ ನೂರಾರು ಕೋಚ್‌ಗಳ ಕಥೆಯನ್ನು ಯಾರೂ ಹೇಳುವುದಿಲ್ಲ, ಗೆದ್ದ ಒಬ್ಬನದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಫರ್ಗ್ಯುಸನ್ ಆ ಮೂರೂವರೆ ವರ್ಷ ಸುಮ್ಮನೆ ಕಾಯುತ್ತಿರಲಿಲ್ಲ. ನಾರ್ಮನ್ ವೈಟ್‌ಸೈಡ್, ಪಾಲ್ ಮೆಗ್ರಾತ್‌ರಂಥ ಪ್ರೇಕ್ಷಕರ ಕಣ್ಮಣಿಗಳನ್ನು ಕ್ಲಬ್‌ನಿಂದ ಹೊರಗೆ ಕಳಿಸಿದರು, ಯುವ ತಂಡದ ವ್ಯವಸ್ಥೆಯನ್ನು ಬುಡದಿಂದ ಕಟ್ಟಿದರು. ಕ್ಲಬ್ ನಂಬಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ಫರ್ಗ್ಯುಸನ್ ಹೆಸರಿನಲ್ಲಿ ತಾಳ್ಮೆ ಬೋಧಿಸುವವರು ಬರೀ ವರ್ಷಗಳನ್ನು ಎಣಿಸುತ್ತಾರೆ, ಆ ವರ್ಷಗಳಲ್ಲಿ ನಡೆದ ಕೆಲಸವನ್ನು ನೋಡುವುದಿಲ್ಲ. ಕೋಚ್ ಕಠಿಣ ನಿರ್ಧಾರ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರೆ ಅವನಿಗೆ ಇನ್ನೊಂದು ವರ್ಷ ಕೊಡುವುದೂ ವ್ಯರ್ಥ. ಇದೇ ಅಳತೆಗೋಲಿನಿಂದ ಪೆಟ್ಸಾಯುವೊಲಿಯನ್ನು ಒಂದೇ ಋತುವಿಗೆ, ಆರನೇ ಸ್ಥಾನದ ನೆಪದಲ್ಲಿ ಕಳಿಸಿದ್ದೂ ತಪ್ಪೆಂದೇ ಹೇಳಬೇಕು. ಹೊಸ ಹುಡುಗರನ್ನು ಕಣಕ್ಕಿಳಿಸಿದ್ದು ಆತನೇ. ಅದರ ಫಸಲು ಕೊಯ್ದದ್ದು ಗ್ರೇಸನ್.

ಹಾಗಾದರೆ 2023ರ ಡಿಸೆಂಬರ್ 9ರಂದು, ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0–4ರ ಸೋಲಾದ ಮರುದಿನ, ಗ್ರೇಸನ್ ಅವರನ್ನು ತೆಗೆದದ್ದು? ಒಂಬತ್ತು ಪಂದ್ಯ, ಒಂದು ಗೆಲುವು, ನಾಲ್ಕು ಡ್ರಾ, ನಾಲ್ಕು ಸೋಲು, 7 ಅಂಕ. ಪಂದ್ಯಕ್ಕೆ 0.78. ಹಿಂದಿನ ಡಿಸೆಂಬರ್‌ನಲ್ಲಿ ಇದೇ ಕೋಚ್‌ನ ಲೆಕ್ಕ 0.83. ಎರಡೂ ಒಂದೇ ಎಂದರೂ ತಪ್ಪಲ್ಲ. ಒಂದು ವರ್ಷ ಉಳಿಸಿಕೊಂಡವರು ಇನ್ನೊಂದು ವರ್ಷ ಯಾಕೆ ಉಳಿಸಿಕೊಳ್ಳಲಿಲ್ಲ? ನ್ಯಾಯವಾಗಿ ಹೇಳಬೇಕೆಂದರೆ ಎರಡನೇ ವರ್ಷದ ಗ್ರೇಸನ್ ಮೊದಲ ವರ್ಷದವರಲ್ಲ. ತಂಡದ ಆಕಾರ ಮೇಲಿಂದ ಮೇಲೆ ಬದಲಾಗುತ್ತಿತ್ತು, ಪಂಜಾಬ್ ಎಫ್‌ಸಿ ಎದುರು 3–3ರಂಥ ಪಂದ್ಯಗಳಲ್ಲಿ ಡಿಫೆನ್ಸ್ ಬಾಗಿಲು ತೆರೆದಿಟ್ಟಂತಿತ್ತು. ಆದರೆ ಆ ಬಾಗಿಲು ತೆಗೆದವರು ಯಾರು? ಆ ಋತುವಿಗೆ ಮುಂಚಿನ ಬೇಸಿಗೆಯಲ್ಲಿ ಡಿಫೆಂಡರ್ ಸಂದೇಶ್ ಝಿಂಗನ್ ಗೋವಾಗೆ ಹೋದರು, ಉದಾಂತ ಸಿಂಗ್ ಕೂಡ ಅಲ್ಲಿಗೇ. ರಾಯ್ ಕೃಷ್ಣ ಒಡಿಶಾಗೆ, ಪ್ರಬೀರ್ ದಾಸ್ ಬ್ಲಾಸ್ಟರ್ಸ್‌ಗೆ. ಎಂಟು ಗೆಲುವಿನ ಬೆನ್ನೆಲುಬು ನಾಲ್ಕು ದಿಕ್ಕಿಗೆ ಹಂಚಿಹೋಯಿತು. ಋತು ಶುರುವಾದಾಗ ಛೆಟ್ರಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿದ್ದರು. ಟೂಲ್ ಕಳಚಿಕೊಂಡು ಆಪರೇಟರ್‌ನ ಮೇಲೆ ಗುರುತು ಹಾಕಿದ ಕಥೆ ಇದು. ಆಟಗಾರರನ್ನು ಕೊಳ್ಳುವ, ಬಿಡುವ ಕೆಲಸದಲ್ಲಿ ಕೋಚ್‌ಗೂ ಪಾಲಿರುತ್ತದೆ, ಒಪ್ಪಿದೆ. ಆದರೆ ಆ ಪಾಲಿಗೆ ಶಿಕ್ಷೆಯಾದವರು ಒಬ್ಬರೇ.

ತೆಗೆದದ್ದರಿಂದ ಲಾಭವಾಯಿತು ಎನ್ನುವವರಿಗೆ ಅಂಕಿಯ ಆಧಾರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಉಳಿದ ಹದಿಮೂರು ಪಂದ್ಯಗಳಲ್ಲಿ ತಂಡ 15 ಅಂಕ ಗಳಿಸಿತು, ಪಂದ್ಯಕ್ಕೆ 1.15. ಗ್ರೇಸನ್ ವೇಗದಲ್ಲೇ ಸಾಗಿದ್ದರೆ ಸುಮಾರು 10 ಬರುತ್ತಿತ್ತು. ಐದು ಅಂಕ ಹೆಚ್ಚು. ಅದರಿಂದ ಸಿಕ್ಕದ್ದೇನು? 22 ಅಂಕ, ಹತ್ತನೇ ಸ್ಥಾನ, ಐಎಸ್‌ಎಲ್‌ನಲ್ಲಿ ಕ್ಲಬ್ ಅದುವರೆಗೆ ಕಂಡ ಅತಿ ಕೆಳಗಿನ ಜಾಗ. ಪ್ಲೇಆಫ್‌ನ ಕೊನೆಯ ಸ್ಥಾನ ಹಿಡಿದ ಚೆನ್ನೈಯಿನ್ 27 ಅಂಕ ಗಳಿಸಿತ್ತು, ಹನ್ನೊಂದನೇ ಜಾಗದ ಜಮ್‌ಶೆಡ್‌ಪುರ 21. ಅಂದರೆ ಆ ಇಡೀ ಗದ್ದಲದ ಫಲ ಹನ್ನೊಂದನೆಯದು ಹತ್ತನೆಯದಾದದ್ದು. ಕೆಳಗಿಳಿಯುವ ಭಯವಿಲ್ಲದ ಲೀಗಿನಲ್ಲಿ ಆ ಒಂದು ಮೆಟ್ಟಿಲಿಗೆ ಏನು ಬೆಲೆ?

ನನ್ನ ವಾದಕ್ಕೆ ಅತ್ಯಂತ ಗಟ್ಟಿ ಪ್ರತಿ-ಉದಾಹರಣೆ ಅದೇ ಋತುವಿನದ್ದು. 2024ರ ಜನವರಿಯಲ್ಲಿ ಮೋಹನ್ ಬಾಗನ್, ಹಿಂದಿನ ವರ್ಷ ಐಎಸ್‌ಎಲ್ ಗೆದ್ದುಕೊಟ್ಟ ಹುವಾನ್ ಫೆರಾಂಡೊ ಅವರನ್ನು ಮೂರು ಸಾಲು ಸೋಲಿನ ನಂತರ ತೆಗೆದು ಆ್ಯಂಟೊನಿಯೊ ಹಬಾಸ್ ಕೈಗೆ ತಂಡ ಕೊಟ್ಟಿತು, ಲೀಗ್ ಶೀಲ್ಡ್ ಗೆದ್ದಿತು. ವಜಾ ಪರವಾದ ಬರಹಗಳಿಗೆಲ್ಲ ಇದೇ ಬಂಡವಾಳ. ಆದರೆ ಹಬಾಸ್ ಹೊರಗಿನಿಂದ ಬಂದವರಲ್ಲ, ಅದೇ ಕ್ಲಬ್‌ನ ತಾಂತ್ರಿಕ ನಿರ್ದೇಶಕರಾಗಿದ್ದವರು. ತಂಡದಲ್ಲಿ ದಿಮಿತ್ರಿ ಪೆಟ್ರಟೋಸ್, ಜೇಸನ್ ಕಮಿಂಗ್ಸ್ ಇದ್ದರು, ಜನವರಿಯಲ್ಲಿ ಯೋನಿ ಕೌಕೊ ಮರಳಿ ಬಂದರು. ಅಗ್ರಸ್ಥಾನಕ್ಕೆ ಪೈಪೋಟಿ ನಡೆಸುವಷ್ಟು ಸರಕು ಮನೆಯಲ್ಲೇ ಇತ್ತು. ಬೆಂಗಳೂರಿನ ಬಳಿ ಅದಿರಲಿಲ್ಲ. ಇನ್ನೊಂದು ಪಕ್ಕದ ಉದಾಹರಣೆಗಳನ್ನು ಇದೇ ಬರಹಗಳು ಮರೆಯುತ್ತವೆ. ಕ್ವಾದ್ರಾತ್ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು ಈಸ್ಟ್ ಬೆಂಗಾಲ್‌ನ ಹನ್ನೆರಡು ವರ್ಷಗಳ ಬರ ನೀಗಿಸಿದರು. ಎಂಟು ತಿಂಗಳ ನಂತರ, ಹೊಸ ಲೀಗಿನ ಮೊದಲ ಮೂರು ಪಂದ್ಯ ಸೋತದ್ದಕ್ಕೆ ಹೊರನಡೆದರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ಹತ್ತೊಂಬತ್ತರ ವಿನೀತ್ ವೆಂಕಟೇಶ್ ಗೋಲಿಗೆ. ಈಸ್ಟ್ ಬೆಂಗಾಲ್ ಆ ಋತು ಮುಗಿಸಿದ್ದು ಒಂಬತ್ತನೆಯದಾಗಿ. ಬ್ಲಾಸ್ಟರ್ಸ್ ಸತತ ಮೂರು ವರ್ಷ ಪ್ಲೇಆಫ್ ತಲುಪಿಸಿದ ಇವಾನ್ ವುಕೊಮನೊವಿಚ್ ಅವರನ್ನು ಕಪ್ ಬಂದಿಲ್ಲವೆಂದು ಬಿಟ್ಟಿತು. ನಂತರ ಬಂದ ಮಿಕಾಯೆಲ್ ಸ್ಟಾರೆ ಡಿಸೆಂಬರ್ ದಾಟಲಿಲ್ಲ, ತಂಡ ಎಂಟನೆಯದಾಯಿತು.

2024ರ ಬೇಸಿಗೆಯಲ್ಲಿ ಬೆಂಗಳೂರು ಎಫ್‌ಸಿ ಎರಡನೇ ಸಲ ನಂಬಿತು. ಹತ್ತನೇ ಸ್ಥಾನದ ಕೋಚ್ ಸರಗೋಸಾ ಅವರನ್ನು ಉಳಿಸಿಕೊಂಡಿತು. 2018–19ರ ಗೆಲುವಿನ ವರ್ಷ ಸಹಾಯಕ ಕೋಚ್ ಆಗಿದ್ದವರು ಅವರು, ಕ್ಲಬ್‌ನ ಒಳಹೊರಗು ಬಲ್ಲವರು. ಭೆಕೆ ಮರಳಿ ಬಂದರು. ವಿನೀತ್‌ಗೆ ಅವಕಾಶ ಸಿಕ್ಕಿತು. ಛೆಟ್ರಿ ಮತ್ತೆ ಹಲವು ಪಂದ್ಯಗಳಲ್ಲಿ ಬೆಂಚಿನಿಂದ ಇಳಿದರು. ಹೈದರಾಬಾದ್ ಎದುರು ತಡವಾಗಿ ಇಳಿದು ಎರಡು ಗೋಲು ಹೊಡೆದರು, ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಎದುರು ನಲವತ್ತರ ವಯಸ್ಸಿನಲ್ಲಿ ಹ್ಯಾಟ್ರಿಕ್ ಬಾರಿಸಿದರು, ಒಟ್ಟು 14 ಗೋಲುಗಳಿಂದ ಲೀಗಿನ ಭಾರತೀಯರಲ್ಲೇ ಮೊದಲಿಗರಾದರು. ತಂಡ 38 ಅಂಕಗಳಿಂದ ಮೂರನೇ ಸ್ಥಾನ ಪಡೆದು, ಮುಂಬೈ ಸಿಟಿಯನ್ನು 5–0ಗೆ ಕೆಡವಿ, ಗೋವಾವನ್ನು ದಾಟಿ, 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್‌ಗೆ 1–2ರಲ್ಲಿ ಮಣಿಯಿತು. ಇಲ್ಲಿ ಒಂದು ಆಕ್ಷೇಪ ಉಳಿಯುತ್ತದೆ, ಅದಕ್ಕೆ ಪೂರ್ತಿ ಉತ್ತರ ನನ್ನ ಬಳಿ ಇಲ್ಲ: ಗ್ರೇಸನ್ ಅವರನ್ನು ಡಿಸೆಂಬರ್‌ನಲ್ಲಿ ತೆಗೆಯದಿದ್ದರೆ ಸರಗೋಸಾ ಬರುತ್ತಿರಲಿಲ್ಲ, ಆಟಗಾರರನ್ನು ಅರಿಯಲು ಅವರಿಗೆ ಅರ್ಧ ಋತು ಸಿಗುತ್ತಿರಲಿಲ್ಲ. ನಿಜ, ಆ ಅರ್ಧ ಋತು ಅವರಿಗೆ ನೆರವಾಗಿರಬಹುದು. ಆದರೆ ಮೇ ತಿಂಗಳಲ್ಲಿ, ಹತ್ತನೇ ಸ್ಥಾನದ ಪಟ್ಟಿ ಕೈಯಲ್ಲಿ ಹಿಡಿದು, ಡಿಸೆಂಬರ್‌ನ ತರ್ಕವನ್ನೇ ಮುಂದುವರಿಸಿದ್ದರೆ ಅವರೂ ಮನೆಗೆ ಹೋಗಬೇಕಿತ್ತು. ಫೈನಲ್‌ಗೆ ದಾರಿ ಮಾಡಿದ್ದು ಆ ತರ್ಕವನ್ನು ಬಿಟ್ಟುಕೊಟ್ಟದ್ದು.

ಕೊನೆಗೆ ಪ್ರೇಕ್ಷಕನ ಮಾತು. ಬೊಮ್ಮಸಂದ್ರ, ಜಿಗಣಿಯ ಕಡೆಯಿಂದ ಶಿಫ್ಟ್ ಮುಗಿಸಿ, ಹೊಸೂರು ರಸ್ತೆಯ ಟ್ರಾಫಿಕ್ ದಾಟಿ ಕಂಠೀರವ ತಲುಪುವವನು ದುಡ್ಡು ಕೊಟ್ಟಿದ್ದಾನೆ, ನಾಲ್ಕು ಗೋಲು ತಿಂದ ರಾತ್ರಿ ಕೋಚ್ ಹೋಗಲಿ ಎಂದು ಕೂಗುವ ಹಕ್ಕು ಅವನಿಗಿದೆ, ಅವನ ಕೂಗನ್ನು ಕ್ಲಬ್ ಕೇಳಬಾರದೇ ಎನ್ನುತ್ತಾರೆ. ಕೇಳಬೇಕು. ಆ ಸಿಟ್ಟು ಪ್ರೀತಿಯದ್ದು, ಅದನ್ನು ಯಾರೂ ಕೀಳಾಗಿ ಕಾಣಬಾರದು. ಆದರೆ ಅವನಿಗೆ ಕ್ಲಬ್ ಕೊಡಬೇಕಾದ ಉತ್ತರ ಒಬ್ಬ ವಿದೇಶಿಯನ ತಲೆಯಲ್ಲ. ಝಿಂಗನ್, ಕೃಷ್ಣ, ಪ್ರಬೀರ್ ಒಂದೇ ಬೇಸಿಗೆಯಲ್ಲಿ ಹೇಗೆ ಹೋದರು, ಅವರ ಜಾಗಕ್ಕೆ ಬಂದವರನ್ನು ಯಾರು ಯಾವ ಆಧಾರದ ಮೇಲೆ ಆರಿಸಿದರು, ರಿಸರ್ವ್ ತಂಡದಿಂದ ಈ ವರ್ಷ ಎಷ್ಟು ಹುಡುಗರು ಮೇಲೆ ಬರುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಲಿ, ಅದೂ ಸೋತ ಮೇಲಲ್ಲ, ಋತು ಶುರುವಾಗುವ ಮುಂಚೆ. ಕೋಚ್‌ನನ್ನು ಯಾವುದರಿಂದ ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ ಎಂಬುದನ್ನೂ ಆಗಲೇ ಹೇಳಲಿ. 2025ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗಿನ ಸಂಘಟಕರ ನಡುವಿನ ಒಪ್ಪಂದ ಕಗ್ಗಂಟಾಗಿ ಲೀಗೇ ತಡೆಹಿಡಿಯಲ್ಪಟ್ಟು, ಆಗಸ್ಟ್‌ನಲ್ಲಿ ಈ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಬೇಕಾದ ಸ್ಥಿತಿ ಬಂತು. ಅಂಥ ದಿನಗಳಲ್ಲಿ ಇಂಥ ಬೇಡಿಕೆ ಅತಿಯಾಯಿತು ಎನಿಸಬಹುದು. ಆದರೆ ನಾಳೆ ಆಡುತ್ತೇವೆಯೋ ಇಲ್ಲವೋ ತಿಳಿಯದ ಆಟಗಾರರನ್ನು ಹಿಡಿದಿಡುವ ಕೆಲಸ ಕೋಚ್‌ನ ಪಾಲಿಗೇ ಬರುತ್ತದೆ. ಮೂರು ಸೋಲಿಗೆ ತಾನು ಹೋಗುವುದಿಲ್ಲ ಎಂದು ಖಾತ್ರಿಯಿಲ್ಲದವನು ಆ ಕೆಲಸವನ್ನು ಮಾಡಲಾರ.